ಕವಲುದಾರಿ ಮತ್ತೆ ನೋಡಿದೆ: ವಯಸ್ಸಾದ ನಟನಿಗೆ ಕ್ರೈಮ್ ಸಿನಿಮಾ ಬರೆಯೋದು ಹೀಗಲ್ವಾ?

ತುಂಗಾ ದಂಡೆ (ಶಿವಮೊಗ್ಗ)

ಈ ವಾರ 'ಕವಲುದಾರಿ' ಮತ್ತೆ ಹಾಕಿಕೊಂಡು ನೋಡಿದೆ. 2019ರ ಏಪ್ರಿಲ್‌ನಲ್ಲಿ ಬಂದ ಸಿನಿಮಾ. ಹೇಮಂತ್ ರಾವ್ ನಿರ್ದೇಶನ, ಪುನೀತ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಚಿತ್ರ. ಆಗ ಎಲ್ಲರೂ ಟ್ವಿಸ್ಟ್ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಈ ಸಲ ಟ್ವಿಸ್ಟ್ ಗೊತ್ತಿತ್ತು. ಹಾಗಾಗಿ ಕಣ್ಣು ಪೂರ್ತಿ ಅನಂತ್ ನಾಗ್ ಮೇಲೇ ಇತ್ತು.

ನೋಡದವರಿಗೆ ಕಥೆ ಇಷ್ಟು. ಶ್ಯಾಮ್ ಅಂತ ಒಬ್ಬ ಟ್ರಾಫಿಕ್ ಪೊಲೀಸ್, ರಿಷಿ ಮಾಡಿದ್ದಾರೆ. ಅವನಿಗೆ ಕ್ರೈಮ್ ವಿಭಾಗಕ್ಕೆ ಹೋಗಬೇಕು ಅನ್ನೋ ಹಂಬಲ. ಬೆಂಗಳೂರಿನಲ್ಲಿ ನೆಲ ಅಗೆಯುವಾಗ ತಲೆಬುರುಡೆ, ಮೂಳೆ ಸಿಗುತ್ತವೆ. ಸುಮಾರು ನಲವತ್ತು ವರ್ಷ ಹಳೆಯವು, ತುರ್ತು ಪರಿಸ್ಥಿತಿ ಕಾಲದ್ದು. ಆ ಕೇಸನ್ನು ಅವತ್ತು ಹಿಡಿದಿದ್ದ ಅಧಿಕಾರಿ ಮುತ್ತಣ್ಣ ಈಗ ರಿಟೈರ್ಡ್. ಅದು ಅನಂತ್ ನಾಗ್ ಪಾತ್ರ.

ಅವರು ಹುಟ್ಟಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಅಂದರೆ ಸಿನಿಮಾ ಬಂದಾಗ 70. ಆ ವಯಸ್ಸನ್ನು ಬಚ್ಚಿಡುವ ಪ್ರಯತ್ನ ಇಲ್ಲಿ ಇಲ್ಲವೇ ಇಲ್ಲ. ಬೇರೆ ದೊಡ್ಡ ಸ್ಟಾರ್‌ಗಳ ಕ್ರೈಮ್ ಸಿನಿಮಾದಲ್ಲಿ ವಯಸ್ಸು ಅನ್ನೋದು ಮುಚ್ಚಬೇಕಾದ ವಿಷಯ. ವಿಗ್, ಡೂಪ್, ಸ್ಲೋ ಮೋಷನ್ ಎಲ್ಲ ಅದಕ್ಕೇ. ಇಲ್ಲಿ ಅಪರಾಧಕ್ಕೂ ವಯಸ್ಸಾಗಿದೆ, ತನಿಖೆ ಮಾಡಿದವನಿಗೂ ವಯಸ್ಸಾಗಿದೆ. ಅವನು ಓಡಬೇಕಾಗಿಲ್ಲ. ನೆನಪಿಟ್ಟುಕೊಂಡಿದ್ದರೆ ಸಾಕು. ಓಡೋಕೆ ರಿಷಿ ಇದ್ದಾರಲ್ಲ.

ಇದೇ ನಿರ್ದೇಶಕರು ಇದೇ ನಟನ ಜೊತೆ 2016ರಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಮಾಡಿದ್ದರು. ಅಲ್ಲಿ ವೆಂಕೋಬ ರಾವ್‌ಗೆ ಅಲ್ಜೈಮರ್ ಕಾಯಿಲೆ. ಮನೆ ಮರೆತು, ಮಗನನ್ನು ಮರೆತು, ಹೋಗಿ ಹೋಗಿ ಕೊಲೆಗಾರರ ಗಾಡಿ ಸೇರುತ್ತಾರೆ. ಒಂದರಲ್ಲಿ ಎಲ್ಲ ಮರೆತವನು, ಇನ್ನೊಂದರಲ್ಲಿ ಏನೂ ಮರೆಯೋಕಾಗದವನು. ಎರಡೂ ಕಥೆ ವಯಸ್ಸಿನ ಮೇಲೇ ನಿಂತಿವೆ. ಪಾತ್ರವನ್ನು ಹತ್ತು ವರ್ಷ ಚಿಕ್ಕದು ಮಾಡಿದರೆ ಎರಡೂ ಬಿದ್ದುಹೋಗುತ್ತವೆ. ನನ್ನ ಪ್ರಕಾರ ಕನ್ನಡದಲ್ಲಿ ಹಿರಿಯ ನಟರೊಬ್ಬರನ್ನು ಇಷ್ಟು ಸರಿಯಾಗಿ ಬಳಸಿಕೊಂಡ ನಿರ್ದೇಶಕ ಇನ್ನೊಬ್ಬರಿಲ್ಲ.

ಏನನಿಸುತ್ತೆ ಹೇಳಿ. ಕೊಲೆಗಾರ ಯಾರು ಅಂತ ಮಾತ್ರ ಯಾರೂ ಬರೆಯಬೇಡಿ. ನಮ್ಮ ಅತ್ತಿಗೆ ಇನ್ನೂ ನೋಡಿಲ್ಲ, ಈ ಗುಂಪಲ್ಲೇ ಇದ್ದಾರೆ.

ಭದ್ರಾವತಿ ತಲೈವ

ಅಣ್ಣ, ಅನಂತ್ ನಾಗ್ ಬಗ್ಗೆ ಎರಡು ಮಾತಿಲ್ಲ. ಆದರೆ 'ಬೇರೆ ದೊಡ್ಡ ಸ್ಟಾರ್' ಅಂತ ಹೆಸರು ಹೇಳದೆ ಹೊಡೆದಿದ್ದೀರಲ್ಲ, ಅದು ನಮ್ಮ ತಲೈವರಿಗೆ ಅಂತ ಗೊತ್ತಾಯ್ತು.

'ಜೈಲರ್' ತಗೊಳ್ಳಿ. 2023ರ ಆಗಸ್ಟ್. ರಜನಿಗೆ 72. ಅದರಲ್ಲಿ ಅವರು ಮಾಡಿರೋದು ರಿಟೈರ್ಡ್ ಜೈಲರ್, ಮೊಮ್ಮಗನ ಜೊತೆ ಕಾಲ ಕಳೆಯೋ ತಾತ. ಮನೆಯವರೇ ಅವರನ್ನು ಲೆಕ್ಕಕ್ಕಿಟ್ಟಿಲ್ಲ. ವಯಸ್ಸು ಮುಚ್ಚಿದ್ದಾರೆ ಅಂತ ಹೇಗೆ ಹೇಳ್ತೀರಿ? ಊಟದ ಟೇಬಲ್ ದೃಶ್ಯ ನೆನಪಿದೆಯಾ? ಅವರು ಕೂತಲ್ಲಿಂದ ಏಳೋದೇ ಇಲ್ಲ. ಗುಂಡು ಬೇರೆ ಎಲ್ಲಿಂದಲೋ ಬರುತ್ತೆ. ಓಡೋಕೆ ಬೇರೆಯವರು ಅಂತ ನೀವು ಹೊಗಳಿದ್ದು ಅಲ್ಲೂ ಇದೆ ನೋಡಿ.

ಆಮೇಲೆ ಶಿವಣ್ಣ ನರಸಿಂಹನಾಗಿ ಬಂದಾಗ ನಮ್ಮೂರಲ್ಲಿ ಎದ್ದ ಶಿಳ್ಳೆ ಪೇಪರ್ ಮಿಲ್ ಸೈರನ್‌ಗಿಂತ ಜೋರಾಗಿತ್ತು. ಆ ಸೈರನ್ ನಿಂತು ಎಷ್ಟೋ ವರ್ಷ ಆಯ್ತು, ಬಿಡಿ ಆ ಮಾತು ಬೇರೆ.

ತುಂಗಾ ದಂಡೆ

ತಲೈವ, ನಿಮ್ಮ ಪಾಯಿಂಟ್ ಒಳ್ಳೇದಿದೆ. ಮೊದಲರ್ಧದವರೆಗೆ ಪೂರ್ತಿ ಒಪ್ಪುತ್ತೇನೆ. ತಾತನಾಗಿ ಕೂತ ರಜನಿ ಚೆನ್ನಾಗಿದ್ದಾರೆ. ಆದರೆ ಆ ತಾತ ಒಳಗೆ ಹುಲಿ ಅಂತ ನಮಗೆ ಮೊದಲೇ ಗೊತ್ತು. ಪೋಸ್ಟರ್ ನೋಡಿದರೇ ಗೊತ್ತು. ಮುದುಕತನ ಅಲ್ಲೊಂದು ವೇಷ, ಯಾವಾಗ ಕಳಚುತ್ತಾರೆ ಅಂತ ಕಾಯ್ತಾ ಕೂರುತ್ತೇವೆ. ಮುತ್ತಣ್ಣನಿಗೆ ಕಳಚೋಕೆ ವೇಷವೇ ಇಲ್ಲ. ಅವನು ಅಷ್ಟೇ.

ಜೈಲರ್‌ನಲ್ಲಿ ಮಗನ ವಿಷಯದಲ್ಲಿ ಕೊನೆಗೆ ಬರೋ ತೀರ್ಮಾನ ಮಾತ್ರ ಗಟ್ಟಿ. ಅದು ವಯಸ್ಸಾದ ಅಪ್ಪನಿಗೇ ಬರೆದ ದೃಶ್ಯ. ಅಲ್ಲಿ ಹುಲಿ ಇಲ್ಲ.

ಸಾಗರದ ಸೊಸೆ

ಇಬ್ಬರೂ ಸರಿ ಮಾರಾಯ್ರೆ. ನನ್ನದೊಂದು ಪ್ರಶ್ನೆ. ಈ 'ವಯಸ್ಸಾದ ದಂತಕಥೆ' ಯಾವಾಗಲೂ ಗಂಡಸೇ ಯಾಕೆ?

ಅನಂತ್ ನಾಗ್ ಜೊತೆ ಜೋಡಿಯಾಗಿ ಅಷ್ಟೊಂದು ಸಿನಿಮಾ ಮಾಡಿದ ಲಕ್ಷ್ಮಿ ಇದ್ದಾರೆ. ಅವರಿಗೆ ಯಾರಾದರೂ ರಿಟೈರ್ಡ್ ಪೊಲೀಸ್ ಅಧಿಕಾರಿ ಪಾತ್ರ ಬರೆದಿದ್ದಾರಾ? ಉಮಾಶ್ರೀಗೆ 'ಗುಲಾಬಿ ಟಾಕೀಸ್'ಗಾಗಿ ರಾಷ್ಟ್ರಪ್ರಶಸ್ತಿ ಬಂತು. ಅಂಥ ನಟಿಗೆ ನಲವತ್ತು ವರ್ಷದ ಹಳೆ ಕೊಲೆಯೊಂದರ ಸಾಕ್ಷಿ ಪಾತ್ರ ಕೊಟ್ಟು ನೋಡಲಿ. ಬರೇ ಬಾಗಿಲಲ್ಲಿ ನಿಂತು ನೋಡಿದರೂ ಸಾಕು, ಮೈ ಜುಮ್ ಅನ್ನುತ್ತೆ. ನಮಗೆ ಸಿಗೋದು ಎಂತ? ಜೈಲರ್‌ನಲ್ಲಿ ರಮ್ಯಾ ಕೃಷ್ಣ ಅಂಥವರಿಗೂ ಹೆದರೋದು, ಅಳೋದು. ಕವಲುದಾರಿಯಲ್ಲೂ ಕಥೆ ನಡೆಸೋರೆಲ್ಲ ಗಂಡಸರೇ. ಅದನ್ನೂ ಒಂದು ಸಲ ಹೇಳಿ.

ತುಂಗಾ ದಂಡೆ

ಹೇಳಿದೆ ಅಕ್ಕ. ಲಕ್ಷ್ಮಿ ಐಡಿಯಾ ಯಾರಾದರೂ ಕದ್ದರೆ ನಿಮ್ಮ ಹೆಸರು ಹಾಕಿಸೋಣ.

ಖಾಕಿ ಮನೆ (ತೀರ್ಥಹಳ್ಳಿ)

ನಮ್ಮ ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ಈಗ ನಿವೃತ್ತಿ. ಅವರ ಜೊತೆ ಕೂತು ಕವಲುದಾರಿ ನೋಡೋದು ಒಂದು ಶಿಕ್ಷೆ. ಹತ್ತು ನಿಮಿಷಕ್ಕೊಮ್ಮೆ ರಿಮೋಟ್ ಕೇಳುತ್ತಾರೆ.

ಅವರ ಮೊದಲ ತಕರಾರು: ಟ್ರಾಫಿಕ್‌ನವನು ಹೀಗೆ ಇನ್ನೊಬ್ಬರ ಕೇಸಿಗೆ ತಲೆ ಹಾಕಿದರೆ ಎರಡೇ ದಿನದಲ್ಲಿ ಕೈಗೆ ಮೆಮೋ ಬರುತ್ತೆ. ಎರಡನೆಯದು, ಮೂಳೆ ಸಿಕ್ಕಿದ ಕೂಡಲೇ ಕೊಲೆ ಕೇಸಾಗೋದಿಲ್ಲ. ಯಾರದ್ದು, ಹೇಗೆ ಸತ್ತರು ಗೊತ್ತಿಲ್ಲದಿದ್ದರೆ ಮೊದಲು ಯುಡಿಆರ್ ಹಾಕುತ್ತಾರೆ, ಅಸಹಜ ಸಾವು ಅಂತ. ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಅದು 174ನೇ ಸೆಕ್ಷನ್. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ 194. ಪಂಚನಾಮೆ ಆಗಬೇಕು, ಮೂಳೆ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಏಟು ಬಿದ್ದಿದೆಯಾ ಅಂತ ಅಲ್ಲಿಂದ ವರದಿ ಬರಬೇಕು. ಕೊಲೆ ಅಂತ ಕಂಡರೆ ಆಮೇಲೆ ಹಳೇ ಐಪಿಸಿಯ 302, ಅಂದರೆ ಕೊಲೆ ಕೇಸು. 'ಸಿನಿಮಾದಲ್ಲಿ ವರದಿ ಬೇಗ ಬರುತ್ತೆ, ನಮಗೆ ಬರೋ ಹೊತ್ತಿಗೆ ಎಸ್‌ಐ ಟ್ರಾನ್ಸ್‌ಫರ್ ಆಗಿರ್ತಿದ್ದ' ಅಂತ ಅವರ ಮಾತು.

ಆದರೆ ಒಂದು ವಿಷಯ ಕೇಳಿ. ಅನಂತ್ ನಾಗ್ ಬಂದ ಮೇಲೆ ಅಪ್ಪ ರಿಮೋಟ್ ಕೇಳಲಿಲ್ಲ. ಮಾತೂ ಆಡಲಿಲ್ಲ. ಸಿನಿಮಾ ಮುಗಿದ ಮೇಲೆ ಎದ್ದು ಅಟ್ಟದಿಂದ ತಗಡಿನ ಟ್ರಂಕ್ ಇಳಿಸಿದರು. ಅದರಲ್ಲಿ ಅವರ ಹಳೇ ಪಾಕೆಟ್ ಪುಸ್ತಕಗಳು. ಮಳೆಗಾಲದ ತಂಡಿಗೆ ಅರ್ಧ ಪುಟ ಒಂದಕ್ಕೊಂದು ಅಂಟಿಕೊಂಡಿವೆ. ಒಂದರಲ್ಲಿ ಪೆನ್ಸಿಲ್‌ನಲ್ಲಿ ಬಿಡಿಸಿದ ಒಂದು ತೋಟದ ನಕ್ಷೆ. ಬಾವಿ, ಕೊಟ್ಟಿಗೆ, ತಂತಿ ಬೇಲಿ, ಬೇಲಿ ಹರಿದ ಜಾಗಕ್ಕೆ ಒಂದು ಗುಣಿಸು ಗುರುತು. ಆ ಕೇಸಿಗೆ ಸಿ ರಿಪೋರ್ಟ್ ಆಯ್ತಂತೆ. ಅಂದರೆ ಆರೋಪಿ ಪತ್ತೆಯಾಗಲಿಲ್ಲ, ಕಡತ ಮುಚ್ಚಿದೆವು ಅಂತ ಕೋರ್ಟಿಗೆ ಹೇಳೋದು. 'ಮತ್ತೆ ತೆಗೆಯಬಹುದಾ?' ಅಂತ ಕೇಳಿದೆ. 'ಹೊಸ ಸಾಕ್ಷಿ ಸಿಕ್ಕರೆ ಯಾವತ್ತು ಬೇಕಾದರೂ. ಕೊಲೆಗೆ ಕಾಲಮಿತಿ ಇಲ್ಲ' ಅಂದರು. ಆಮೇಲೆ, 'ರಿಟೈರ್ ಆದವನು ಸ್ಟೇಷನ್‌ಗೆ ಹೋದರೆ ಮೊದಲ ವರ್ಷ ಟೀ ತರಿಸ್ತಾರೆ. ಎರಡನೇ ವರ್ಷ ಕುರ್ಚಿ ಕೊಡ್ತಾರೆ. ಮೂರನೇ ವರ್ಷ ಯಾರು ಬೇಕಿತ್ತು ಅಂತ ಕೇಳ್ತಾರೆ' ಅಂದರು.

ಆ ಕೇಳಿಸಿಕೊಳ್ಳೋರಿಲ್ಲದ ಸಿಟ್ಟು ಇದೆಯಲ್ಲ, ಮುತ್ತಣ್ಣನ ದನಿಯಲ್ಲಿ ಅದು ಇದೆ. ಯುಡಿಆರ್ ತಪ್ಪಿದ್ದರೂ ಅದು ತಪ್ಪಿಲ್ಲ.

ಬೆಂಗಳೂರು ಸೇರಿದವ

ಖಾಕಿ ಮನೆಯವರೇ, ನಿಮ್ಮಪ್ಪನನ್ನೇ ಇಟ್ಟುಕೊಂಡು ಸಿನಿಮಾ ಮಾಡಬಹುದು.

ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ಕವಲುದಾರಿ ಉದ್ದ ಜಾಸ್ತಿ. ನಡುವೆ ಒಂದಷ್ಟು ಹೊತ್ತು ಸುಮ್ನೆ ಗಾಳಿಯಲ್ಲಿ ತೇಲುತ್ತೆ. ಎಲ್ಲರಿಗೂ ಒಂದೊಂದು ಹಳೇ ಗಾಯ ಇರಲೇಬೇಕು ಅಂತ ಹಟ. ಚರಣ್ ರಾಜ್ ಸಂಗೀತ ಇಲ್ಲದಿದ್ದರೆ ಆ ಭಾಗ ಕಷ್ಟ ಇತ್ತು. ಇದೇ ಕಥೆ 2021ರಲ್ಲಿ ತಮಿಳಿಗೆ, ತೆಲುಗಿಗೆ ಹೋಯ್ತು, ಮುತ್ತಣ್ಣನ ಜಾಗದಲ್ಲಿ ನಾಸರ್. ನಾಸರ್ ಏನು ಸಾಮಾನ್ಯ ನಟರಾ? ಆದರೂ ನನಗೆ ಹಿಡಿಸಲಿಲ್ಲ. ಯಾಕೆ ಅಂತ ಯೋಚಿಸಿದೆ. ನಾಸರ್ ಅವರನ್ನು ನಾವು ಮೊದಲಿನಿಂದಲೂ ಹಿರಿಯರ ಪಾತ್ರದಲ್ಲೇ ನೋಡಿದ್ದೇವೆ. ಅನಂತ್ ನಾಗ್ ನಮ್ಮ ಕಣ್ಣೆದುರೇ ಮುದುಕರಾದವರು. 'ಮಿಂಚಿನ ಓಟ'ದ ಟೋನಿ ಕಾರು ಕದ್ದು ಓಡಿದ್ದನ್ನು ನೋಡಿದ ಕಣ್ಣಿಗೆ ಮುತ್ತಣ್ಣ ಬೇರೆಯೇ ಕಾಣುತ್ತಾನೆ. ನಿರ್ದೇಶಕ ಫ್ಲ್ಯಾಶ್‌ಬ್ಯಾಕ್ ತೋರಿಸೋದೇ ಬೇಡ, ನಮ್ಮ ತಲೆಯಲ್ಲೇ ಓಡುತ್ತೆ.

ಅದೇ 2019ರಲ್ಲಿ ಸ್ಕಾರ್ಸೆಸಿಯ 'ದಿ ಐರಿಶ್‌ಮನ್' ಬಂತು. 76ರ ಡಿ ನಿರೋ ಮುಖವನ್ನು ಕಂಪ್ಯೂಟರ್‌ನಲ್ಲಿ ಚಿಕ್ಕದು ಮಾಡಿದರು. ಮುಖ ಚಿಕ್ಕದಾಯ್ತು, ನಡಿಗೆ ಆಗಲಿಲ್ಲ. ಅಂಗಡಿಯವನನ್ನು ರಸ್ತೆಗೆ ಎಳೆದು ಒದೆಯೋ ದೃಶ್ಯ ನೋಡಿ, ಒದೆಯೋ ಕಾಲು ಅಜ್ಜನ ಕಾಲೇ. ಕೊನೆಯ ಅರ್ಧ ಗಂಟೆಯಲ್ಲಿ ನಿಜವಾದ ವಯಸ್ಸಿಗೆ ಬಿಟ್ಟ ಮೇಲೇ ಆ ಸಿನಿಮಾ ನನಗೆ ತಾಗಿದ್ದು.

ಕೊಪ್ಪದ ಮೇಷ್ಟ್ರು

ಒಳ್ಳೆಯ ಮಾತುಕತೆ ನಡೀತಾ ಇದೆ. ಎರಡು ವಿಷಯ ಸೇರಿಸುತ್ತೇನೆ.

ಮೊದಲನೆಯದು, ನಮ್ಮಲ್ಲಿ ಈ ಪ್ರಶ್ನೆ ಹೊಸದಲ್ಲ. 2000ದಲ್ಲಿ ರಾಜ್‌ಕುಮಾರ್ ಅವರ 'ಶಬ್ದವೇಧಿ' ಬಂತು. ಅವರು ಹುಟ್ಟಿದ್ದು 1929, ಅಂದರೆ ಆಗ 70ರ ಆಸುಪಾಸು. ಪಾತ್ರ ಮಾದಕ ವಸ್ತು ಜಾಲದ ಹಿಂದೆ ಬೀಳುವ ಪೊಲೀಸ್ ಅಧಿಕಾರಿ. ಹಾಡು, ಹೊಡೆದಾಟ, ನಾಯಕಿಯಾಗಿ ಜಯಪ್ರದಾ, ಎಲ್ಲ ಇತ್ತು. ಯಾರೂ 'ಈ ವಯಸ್ಸಿಗೆ ಇನ್ನೂ ಡ್ಯೂಟಿಯಲ್ಲಿ ಇರ್ತಾರಾ' ಅಂತ ಕೇಳಲಿಲ್ಲ. ಯಾಕೆಂದರೆ ನಮಗೆ ಅಣ್ಣಾವ್ರಿಗೆ ವಯಸ್ಸಾಗೋದೇ ಬೇಡವಾಗಿತ್ತು. ಅದನ್ನು ಹಾಸ್ಯ ಮಾಡಬೇಡಿ. ಅವತ್ತು ಥಿಯೇಟರ್‌ನಲ್ಲಿ ಕೂತವರಿಗೆ ಬೇಕಾಗಿದ್ದದ್ದು ಅದೇ. ಅವರು ನಾಯಕರಾದ ಕೊನೆಯ ಚಿತ್ರ ಅದು. ಅದೇ ವರ್ಷ ಜುಲೈ 30ಕ್ಕೆ ವೀರಪ್ಪನ್ ಅವರನ್ನು ಗಾಜನೂರಿನಿಂದ ಎತ್ತಿಕೊಂಡು ಹೋದ. 108 ದಿನ. ನಮ್ಮ ಶಾಲೆಯಲ್ಲಿ ಮಕ್ಕಳು ತುಂಗಾ ಡ್ಯಾಂ ಹತ್ತಿರದ ಗಾಜನೂರಿನಲ್ಲೇ ಇದಾಗಿದ್ದು ಅಂತ ಹೆದರಿ ಕೂತಿದ್ದವು. ಅದು ತಾಳವಾಡಿ ಕಡೆಯ ಗಾಜನೂರು ಅಂತ ನಕ್ಷೆ ತೋರಿಸಿ ಹೇಳಬೇಕಾಯ್ತು. ಪರದೆ ಮೇಲೆ ಎಲ್ಲರನ್ನೂ ಹೊಡೆದವರು ಕಾಡಲ್ಲಿ ಮಂಡಿ ನೋವಿನ ಹಿರಿಯರಾಗಿ ಕೂತಿದ್ದಾರೆ ಅನ್ನೋದು ಊರಿಗೇ ಅರಗಲಿಲ್ಲ. ಆಮೇಲಿನ ಸಿನಿಮಾಗಳು ವಯಸ್ಸನ್ನು ನೋಡುವ ರೀತಿಯೇ ಬದಲಾಯ್ತು ಅಂತ ನನ್ನ ಅನಿಸಿಕೆ. ಒಪ್ಪದಿದ್ದರೆ ಬಿಡಿ.

ಎರಡನೆಯದು, ಇದು ತುಂಗಾ ದಂಡೆಯವರಿಗೆ. ಎಂ. ಎಸ್. ಸತ್ಯು ಅವರ 'ಕನ್ನೇಶ್ವರ ರಾಮ' 1977ರದ್ದು. ಎಸ್. ಕೆ. ನಾಡಿಗರ ಕಾದಂಬರಿ. ಅದರಲ್ಲಿ ರಾಮ ಅಂದರೆ ಅನಂತ್ ನಾಗ್. ಊರ ಮೇಲೆ ತಿರುಗಿಬಿದ್ದ ಬಂಡುಕೋರ, ಪೊಲೀಸರು ಹುಡುಕುತ್ತಿದ್ದ ದರೋಡೆಕೋರ. ಕನ್ನೇಶ್ವರ ರಾಮ ನಮ್ಮ ಕಡೆಯವನೇ ಅಂತ ನಮ್ಮಜ್ಜ ಹೇಳುತ್ತಿದ್ದರು. ತುರ್ತು ಪರಿಸ್ಥಿತಿ 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ಇತ್ತು. ಈಗ ನೋಡಿ. ಮುತ್ತಣ್ಣ ಆ ಕೊಲೆ ಕೇಸಿನ ಹಿಂದೆ ಓಡಾಡಿದ ಕಾಲದಲ್ಲೇ ಅನಂತ್ ನಾಗ್ ಅನ್ನೋ ಹುಡುಗ ಪರದೆ ಮೇಲೆ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದ. 1993ರ 'ನಿಷ್ಕರ್ಷ'ದಲ್ಲಿ, ಮಣಿಪಾಲದ ಬ್ಯಾಂಕ್ ಮುತ್ತಿಗೆಯಲ್ಲಿ, ಪೊಲೀಸ್ ಕಡೆಗೆ ಬಂದ. ಅದಕ್ಕೂ ಮೊದಲು ಶಂಕರ್ ನಾಗ್ ನಿರ್ದೇಶನದ 'ಆಕ್ಸಿಡೆಂಟ್'ನಲ್ಲಿ, ಅಮಲಿನಲ್ಲಿ ಗಾಡಿ ಹತ್ತಿಸಿದ ಮಗನನ್ನು ಬಚಾವ್ ಮಾಡುವ ರಾಜಕಾರಣಿ. ಕಳ್ಳ, ಪೊಲೀಸ್, ಕೇಸು ಮುಚ್ಚಿಸುವವನು, ಮುಚ್ಚಿದ ಕೇಸನ್ನು ಬಿಡದವನು. ಕ್ರೈಮ್ ಕಥೆಯ ಎಲ್ಲ ಕುರ್ಚಿಯಲ್ಲೂ ಒಬ್ಬನೇ ಕೂತು ಎದ್ದಿದ್ದಾನೆ.

ಭದ್ರಾವತಿ ತಲೈವ

ಮೇಷ್ಟ್ರೇ, ಶಬ್ದವೇಧಿ ಮಾತಿಗೆ ನಮಸ್ಕಾರ. ಇದನ್ನೇ ನಾನು ಹೇಳೋಕೆ ಬಂದಿದ್ದು. ಜನ ಬಯಸಿದ್ದನ್ನು ಕೊಡೋದೂ ಒಂದು ಕೆಲಸವೇ.

ತುಂಗಾ ದಂಡೆ

ಮೇಷ್ಟ್ರೇ, ಆ ಕುರ್ಚಿ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ತುರ್ತು ಪರಿಸ್ಥಿತಿ ಬಗ್ಗೆ ಒಂದು ಮಾತು. ಕೆಲವರು ಅದನ್ನು ಸುಮ್ನೆ ಹಳೇ ಕಾಲ ತೋರಿಸೋ ನೆಪ ಅಂದುಕೊಂಡಿದ್ದಾರೆ. ಹಾಗಲ್ಲ. ಪತ್ರಿಕೆಗೆ ಸೆನ್ಸಾರ್, ಕೇಳಿದವರು ಒಳಗೆ. ಅಂಥ ಹೊತ್ತಲ್ಲಿ ಒಂದು ಮನೆಯವರೆಲ್ಲ ಕಾಣೆಯಾದರೂ ಕೇಳೋರು ಯಾರು? ಇವತ್ತು ಹಾಗಾದರೆ ಸಂಜೆಯೊಳಗೆ ಟಿವಿಯವರು ಮನೆ ಮುಂದೆ ಇರ್ತಾರೆ. ಆ ಕೊಲೆ ಮುಚ್ಚಿಹೋಗೋಕೆ ಅದೇ ಕಾಲ ಬೇಕಿತ್ತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಊರಿನ ಕಡೆಯವರಿಗೆ, ಜೆ. ಎಚ್. ಪಟೇಲರ ಭಾಷಣ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದಹಾಗೆ ಅನಂತ್ ನಾಗ್ ಪಟೇಲರ ಸಂಪುಟದಲ್ಲೇ ಮಂತ್ರಿಯಾಗಿದ್ದವರು. ಆ ಕಾಲದ ರಾಜಕೀಯ ಅವರಿಗೆ ಪುಸ್ತಕದಲ್ಲಿ ಓದಿದ್ದಲ್ಲ.

ಹೊಸನಗರ ಹುಡುಗ

ಯಾರೂ ನಿಧಿ ವಿಷಯ ಎತ್ತಲಿಲ್ಲ! ಸಿನಿಮಾದಲ್ಲಿ ಕೊಲೆಯಾದ ಕುಟುಂಬ ಪುರಾತತ್ವ ಇಲಾಖೆ ಅಧಿಕಾರಿಯದ್ದು. ಎಲ್ಲದರ ಹಿಂದೆ ಇರೋದು ಹಳೇ ಸಂಪತ್ತಿನ ಆಸೆ. ಜೈಲರ್‌ನಲ್ಲೂ ವಿಗ್ರಹ ಕಳ್ಳಸಾಗಣೆ. ನಮ್ಮ ಕಡೆಯವರಿಗೆ ಇದು ಸಿನಿಮಾ ಕಥೆ ಅನ್ನಿಸೋದೇ ಇಲ್ಲ.

ಕೆಳದಿ, ಇಕ್ಕೇರಿ, ಬಿದನೂರು. ಕೆಳದಿ ನಾಯಕರ ಮೂರು ರಾಜಧಾನಿ ನೋಡಿದ ನೆಲ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದಾಗ ಅರಮನೆಯವರು ಎಲ್ಲೆಲ್ಲೋ ಹೂತಿಟ್ಟು ಹೋದರು ಅಂತ ಕಥೆ ಕೇಳದ ಮಗು ಇಲ್ಲ ಇಲ್ಲಿ. ಅಮಾವಾಸ್ಯೆ ಕಳೆದ ಮೇಲೆ ಕಾಡೊಳಗಿನ ಗುಡಿ ಕಡೆ ಹೋಗಿ ನೋಡಿ. ನಮ್ಮ ತೋಟದ ಮೇಲ್ಗಡೆ ಒಂದು ಪಾಳು ಗುಡಿ ಇದೆ, ಮೇಲೆ ಚಾವಣಿ ಇಲ್ಲ, ಒಳಗೆ ಬರೀ ಪಾಣಿಪೀಠ, ಅಂದರೆ ಲಿಂಗ ಕೂರಿಸೋ ಕಲ್ಲಿನ ಪೀಠ. ಹೋದ ಬೇಸಿಗೆಯಲ್ಲಿ ಪೀಠ ಎತ್ತಿ ಪಕ್ಕಕ್ಕಿಟ್ಟು ಆಳೆತ್ತರ ಅಗೆದಿದ್ದರು. ಗುಂಡಿ ಅಂಚಲ್ಲಿ ನಿಂಬೆಹಣ್ಣು, ಕುಂಕುಮ, ಎರಡು ಖಾಲಿ ಗುಟ್ಕಾ ಪ್ಯಾಕೆಟ್, ಹಿಡಿ ಮುರಿದ ಒಂದು ಹಾರೆ. ಅಗೆದ ಮಣ್ಣನ್ನು ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಸಾಲಾಗಿ ಜೋಡಿಸಿದ್ದರು. ಅಷ್ಟು ಶಿಸ್ತು ಯಾಕೋ ಗೊತ್ತಿಲ್ಲ. ಏನಾದರೂ ಸಿಕ್ಕಿತೋ ಬಿಟ್ಟಿತೋ. ಸಿಕ್ಕಿದ್ದರೂ ಅದು ಅಗೆದವರದ್ದಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು.

ನಾನು ಹೇಳೋದಿಷ್ಟು. ಈ ಕಥೆ ಇಲ್ಲಿ ನಡೀಬೇಕಿತ್ತು. ಶಿವಪ್ಪ ನಾಯಕನ ಅರಮನೆ ಮ್ಯೂಸಿಯಂನಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಒಬ್ಬ ಹಿರಿಯರು. ಎಲ್ಲಿ ಏನಿತ್ತು, ಯಾವ ವಿಗ್ರಹ ಯಾವ ವರ್ಷ ಕಾಣೆಯಾಯ್ತು ಅಂತ ಅವರೊಬ್ಬರಿಗೇ ಗೊತ್ತು. ಅನಂತ್ ನಾಗ್ ಮಾಡಲಿ.

ಸಾಗರದ ಸೊಸೆ

ಲಕ್ಷ್ಮಿ ಮಾಡಲಿ. ನಿವೃತ್ತ ಕ್ಯುರೇಟರ್. ಈಗಲೇ ಹೇಳಿಬಿಟ್ಟಿದ್ದೇನೆ.

ಹೊಸನಗರ ಹುಡುಗ

ಅಕ್ಕ, ಅಡ್ಡಿಲ್ಲ. ಅನಂತ್ ನಾಗ್ ನಿಧಿ ಕಳ್ಳರ ಯಜಮಾನ ಆಗಲಿ ಹಾಗಾದರೆ.

ಬೆಂಗಳೂರು ಸೇರಿದವ

ಇದು ಬೇಕು ನನಗೆ. ಹಿರಿಯ ನಟರನ್ನು ನಮ್ಮವರು ಒಳ್ಳೆಯವರಾಗಿಯೇ ನೋಡಬೇಕು ಅಂತಾರೆ. ಪದ್ಮಭೂಷಣ ಬಂದ ಮೇಲಂತೂ (2025ರಲ್ಲಿ ಬಂತು) ಕೈ ಮುಗಿಯೋದೇ ಆಗಿದೆ. ಆಕ್ಸಿಡೆಂಟ್‌ನ ಆ ರಾಜಕಾರಣಿಗೆ ಈಗ ವಯಸ್ಸಾಗಿದ್ದರೆ ಹೇಗಿರ್ತಾನೆ? ಮೆತ್ತಗೆ ಮಾತಾಡ್ತಾ, ಮೊಮ್ಮಕ್ಕಳಿಗೆ ಚಾಕಲೇಟ್ ಕೊಡ್ತಾ, ಫೋನಲ್ಲಿ ಒಂದು ಫೈಲ್ ಮುಚ್ಚಿಸ್ತಾ. ಅನಂತ್ ನಾಗ್ ದನಿಗೆ ಅದು ಎಷ್ಟು ಚೆನ್ನಾಗಿ ಒಗ್ಗುತ್ತೆ ಯೋಚಿಸಿ. ಒಳ್ಳೇ ಮುತ್ತಣ್ಣನಿಗಿಂತ ಕೆಟ್ಟ ಮುತ್ತಣ್ಣನನ್ನು ನೋಡೋಕೆ ನಾನು ದುಡ್ಡು ಕೊಡುತ್ತೇನೆ.

ಖಾಕಿ ಮನೆ

ಅಪ್ಪನಿಗೆ ಓದಿ ಹೇಳಿದೆ. 'ಅಂಥವರು ಫೋನ್ ಕೂಡ ಮಾಡೋದಿಲ್ಲ, ಮನೆಗೆ ಊಟಕ್ಕೆ ಕರೀತಾರೆ' ಅಂದರು. ಬರೆದಿಟ್ಟುಕೊಳ್ಳಿ.

ತುಂಗಾ ದಂಡೆ

ಇದೇ ನೋಡಿ ನಾನು ಹೇಳಬೇಕು ಅಂದುಕೊಂಡಿದ್ದು. ಆ ಊಟದ ದೃಶ್ಯ ಮೂವತ್ತರ ನಟ ಮಾಡೋಕಾಗಲ್ಲ. ಪಲ್ಯ ಬಡಿಸಿ ಅಂತ ಹೇಳೋ ದನಿಯಲ್ಲೇ ಬೆದರಿಕೆ ಇರಬೇಕು. ಒಳ್ಳೆಯವನೋ ಕೆಟ್ಟವನೋ, ವಯಸ್ಸೇ ಪಾತ್ರದ ಆಯುಧ ಆಗಬೇಕು. ರಜನಿಗೂ ಅಂಥದ್ದು ಯಾರಾದರೂ ಬರೆದರೆ ಮೊದಲ ದಿನವೇ ತಲೈವನ ಜೊತೆ ಭದ್ರಾವತಿಗೆ ಬರುತ್ತೇನೆ.

ಭದ್ರಾವತಿ ತಲೈವ

ಬನ್ನಿ ಅಣ್ಣ, ಟಿಕೆಟ್ ನಂದು. ಶಿಳ್ಳೆ ಹೊಡೀಬೇಕು ಅಷ್ಟೇ. ಅದಿರಲಿ ಮೇಷ್ಟ್ರೇ, ಆ ಕನ್ನೇಶ್ವರ ರಾಮ ಈಗ ಎಲ್ಲಿ ನೋಡೋಕೆ ಸಿಗುತ್ತೆ?

ಕೊಪ್ಪದ ಮೇಷ್ಟ್ರು

ಹೆಗ್ಗೋಡಿನ ನೀನಾಸಂ ಕಡೆ ಹಳೇ ಸಿನಿಮಾ ಹುಚ್ಚಿನವರು ಇದ್ದಾರೆ, ವಿಚಾರಿಸುತ್ತೇನೆ. ಅಲ್ಲಿವರೆಗೆ ಮಿಂಚಿನ ಓಟ ನೋಡಿ. ಅದರಲ್ಲಿ ಲೋಕನಾಥ್ ಮಾಡಿದ ಪಾತ್ರವನ್ನು ಎಲ್ಲರೂ ತಾತ ಅಂತಲೇ ಕರೆಯೋದು. ಇಬ್ಬರು ಹುಡುಗರ ಜೊತೆ ಕಳ್ಳತನಕ್ಕೆ ಇಳಿದ ಮುದುಕ. 1980ರಲ್ಲೇ ಶಂಕರ್ ನಾಗ್ ಒಬ್ಬ ವಯಸ್ಸಾದ ಕಳ್ಳನನ್ನು ಬರೆದಿದ್ದಾರೆ. ಹೇಮಂತ್ ರಾವ್ ಅವರಂಥ ನಿರ್ದೇಶಕ ಇನ್ನೊಬ್ಬರಿಲ್ಲ ಅನ್ನೋ ಮಾತನ್ನು ಅದು ನೋಡಿದ ಮೇಲೆ ಚರ್ಚೆ ಮಾಡೋಣ.